ಬಾವಿಯಲ್ಲಿ ತೂಗುವವನು, ಜೇನಿನ ಹನಿ ಮತ್ತು ವಿದುರನ ಮರ

ನೂರು ಮಕ್ಕಳನ್ನು ಕಳೆದುಕೊಂಡ ಮುದುಕನಿಗೆ ಏನು ಹೇಳಿ ಸಮಾಧಾನ ಮಾಡುವುದು? ಮಹಾಭಾರತದ ಸ್ತ್ರೀಪರ್ವದಲ್ಲಿ ಆ ಕಷ್ಟದ ಕೆಲಸ ವಿದುರನ ಪಾಲಿಗೆ ಬರುತ್ತದೆ. ಯುದ್ಧಕ್ಕೆ ಮುಂಚೆ ಅವನು ಹೇಳಿದ ನೀತಿಯನ್ನು ಅವನ ಅಣ್ಣನಾದ ಈ ಮುದುಕ ಕೇಳಿದ್ದ, ತಲೆದೂಗಿದ್ದ, ಅಷ್ಟಕ್ಕೇ ಬಿಟ್ಟಿದ್ದ. ಈಗ ನೀತಿ ಹೇಳುವ ಹೊತ್ತಲ್ಲ. ವಿದುರ ಒಂದು ಕತೆ ಹೇಳುತ್ತಾನೆ.

ದಟ್ಟ ಕಾಡು. ಮೃಗಗಳಿಗೆ ಹೆದರಿ ದಿಕ್ಕುಗೆಟ್ಟು ಓಡುವ ಬ್ರಾಹ್ಮಣನೊಬ್ಬ ಹುಲ್ಲು ಬಳ್ಳಿ ಮುಚ್ಚಿಕೊಂಡ ಹಾಳುಬಾವಿಗೆ ಬೀಳುತ್ತಾನೆ. ಬಳ್ಳಿಗಳ ಸಿಕ್ಕಿನಲ್ಲಿ ಕಾಲು ತೊಡರಿ, ತಲೆಕೆಳಗಾಗಿ, ತೊಟ್ಟಿಗೆ ಜೋತ ಹಲಸಿನ ಹಣ್ಣಿನ ಹಾಗೆ ನೇತಾಡುತ್ತಾನೆ. ತಳದಲ್ಲಿ ದೊಡ್ಡ ಹಾವು. ಬಾವಿಯ ಕಟ್ಟೆಯ ಬಳಿ ಆರು ಮುಖ, ಹನ್ನೆರಡು ಕಾಲಿನ ಆನೆ. ಕಪ್ಪು ಬಿಳಿ ಇಲಿಗಳು ಬೇರನ್ನು ಕಡಿಯುತ್ತಿವೆ. ಮೇಲಿನ ಕೊಂಬೆಯಲ್ಲಿ ಜೇನು ಕಟ್ಟಿದೆ. ಹನಿ ಹನಿಯಾಗಿ ತೊಟ್ಟಿಕ್ಕುತ್ತಿದೆ. ಅವನು ನಾಲಿಗೆ ಚಾಚಿ ಆ ಹನಿ ನೆಕ್ಕುತ್ತಾನೆ, ಇನ್ನೂ ಬೇಕೆನ್ನುತ್ತಾನೆ. ಇಷ್ಟರ ನಡುವೆಯೂ ಅವನಿಗೆ ಬದುಕು ಬೇಸರವಾಗಿಲ್ಲ. ಆನೆ ಎಂದರೆ ಸಂವತ್ಸರ, ಮುಖಗಳು ಋತು, ಕಾಲುಗಳು ತಿಂಗಳು, ಇಲಿಗಳು ಹಗಲಿರುಳು, ಹಾವು ಕಾಲ, ಬಳ್ಳಿ ಬದುಕುವ ಆಸೆ ಎಂದು ವಿದುರ ಆಮೇಲೆ ಬಿಡಿಸಿ ಹೇಳುತ್ತಾನೆ.

ಕನ್ನಡಿಗರಿಗೆ ವಿದುರ ಗೊತ್ತು, ಈ ಕತೆ ಅಷ್ಟಾಗಿ ಗೊತ್ತಿಲ್ಲ. ಕುಮಾರವ್ಯಾಸ ಗದಾಪರ್ವಕ್ಕೇ ಭಾರತ ನಿಲ್ಲಿಸಿದ. ಮುಂದಿನ ಪರ್ವಗಳನ್ನು ತಿಮ್ಮಣ್ಣ ಕವಿ ಬರೆದರೂ ಗಮಕದ ಕಟ್ಟೆಯಲ್ಲಿ ಮೆರೆದದ್ದು ಮೊದಲ ಹತ್ತೇ. ಆದರೆ ವಿದುರನ ಹೆಸರಿನ ಊರೇ ನಮ್ಮಲ್ಲಿದೆ. ಗೌರಿಬಿದನೂರಿನಿಂದ ಹಿಂದೂಪುರದ ಕಡೆ ಹೊರಟರೆ ಕೆಲವೇ ಮೈಲಿಗೆ, ಆಂಧ್ರದ ಗಡಿ ಮುಟ್ಟುವ ಮೊದಲು, ಉತ್ತರ ಪಿನಾಕಿನಿಯ ದಡದಲ್ಲಿ ವಿದುರಾಶ್ವತ್ಥ. ಯುದ್ಧ ಮುಗಿದ ಮೇಲೆ ನೊಂದ ವಿದುರ ಇಲ್ಲಿ ಮೈತ್ರೇಯರ ಆಶ್ರಮಕ್ಕೆ ಬಂದು ಅರಳಿ ಸಸಿ ನೆಟ್ಟ ಎನ್ನುತ್ತದೆ ಸ್ಥಳಪುರಾಣ. ಭಾಗವತ ಈ ಭೇಟಿಯನ್ನು ಗಂಗೆಯ ದಡದಲ್ಲಿ ಇಡುತ್ತದೆ. ಊರವರು ಅದನ್ನು ಪಿನಾಕಿನಿಗೆ ತಂದುಕೊಂಡಿದ್ದಾರೆ. ತಂದದ್ದರಲ್ಲಿ ತಪ್ಪೇನೂ ಇಲ್ಲ. ಅಲ್ಲಿ ವಿದುರ ಮೈತ್ರೇಯರನ್ನು ಕೇಳುವ ಮೊದಲ ಪ್ರಶ್ನೆ ಎಲ್ಲ ಊರಿನದೂ ಹೌದು: ಜನ ಸುಖಕ್ಕೆಂದು ಕೆಲಸ ಮಾಡುತ್ತಾರೆ, ಸುಖವೂ ಸಿಗುವುದಿಲ್ಲ, ದುಃಖವೂ ತೀರುವುದಿಲ್ಲ, ಹಾಗಾದರೆ ಮಾಡಬೇಕಾದ್ದೇನು?

ಆ ಪ್ರಶ್ನೆಗೆ ಈವರೆಗೆ ಬಂದ ಉತ್ತರಗಳನ್ನು ಒಂದು ಸುತ್ತು ನೋಡಿಬರುವುದು ಈ ಲೇಖನದ ಕೆಲಸ. ದೂರ ಹೋಗಬೇಕಾಗಿಲ್ಲ. ಬಹುಪಾಲು ಉತ್ತರಗಳು ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸುತ್ತಿನಲ್ಲೇ ಕಣ್ಣಿಗೆ ಬೀಳುತ್ತವೆ.

ಕತೆ ಊರು ಬಿಟ್ಟು ಹೋದದ್ದು

ಬಾವಿಯ ಕತೆ ವಿದುರನ ಬಾಯಲ್ಲೇ ಉಳಿಯಲಿಲ್ಲ. ಜೈನರು ಅದನ್ನು ‘ಮಧುಬಿಂದು’ ಎಂದು ಕರೆದು ಮತ್ತೆ ಮತ್ತೆ ಹೇಳಿದರು, ಚಿತ್ರ ಬರೆದರು. ಹನ್ನೆರಡನೆಯ ಶತಮಾನದ ಹೇಮಚಂದ್ರನಲ್ಲೂ ಅದಿದೆ. ಬುದ್ಧನ ಕತೆ ಪಶ್ಚಿಮಕ್ಕೆ ಹೋಗುತ್ತಾ ಹೋಗುತ್ತಾ ಜೋಸಫಾತ್ ಎಂಬ ಕ್ರೈಸ್ತ ಸಂತನ ಕತೆಯಾಯಿತು. ಬೋಧಿಸತ್ವ ಎಂಬ ಹೆಸರೇ ನಾಲಿಗೆಯಿಂದ ನಾಲಿಗೆಗೆ ಸವೆದು ಜೋಸಫಾತ್ ಆದದ್ದು. ಆ ಗಂಟಿನಲ್ಲಿ ನಮ್ಮ ಬಾವಿಯೂ ಯೂರೋಪ್ ಸೇರಿತು. 1880ರ ಆಸುಪಾಸಿನಲ್ಲಿ, ಐವತ್ತು ದಾಟಿದ, ಹಣ, ಹೆಸರು, ಸಂಸಾರ ಎಲ್ಲವೂ ಇದ್ದ ಟಾಲ್‌ಸ್ಟಾಯ್ ತನ್ನ ತಪ್ಪೊಪ್ಪಿಗೆಯ ಪುಸ್ತಕ ಬರೆಯುವಾಗ ಈ ಪೂರ್ವದೇಶದ ಕತೆಯನ್ನೇ ನೆನೆದ. ತನಗೆ ತೊಟ್ಟಿಕ್ಕುತ್ತಿದ್ದ ಜೇನು ಎರಡೇ ಹನಿ, ಒಂದು ಸಂಸಾರದ ಪ್ರೀತಿ, ಇನ್ನೊಂದು ಬರವಣಿಗೆ; ಈಗ ಅವೆರಡೂ ಸಿಹಿಯಾಗಿಲ್ಲ ಎಂದ. ತನ್ನಂಥವರಿಗಿರುವ ದಾರಿ ನಾಲ್ಕು ಎಂದು ಎಣಿಸಿದ. ಏನೂ ತಿಳಿಯದೆ ಇರುವುದು, ತಿಳಿದೂ ಜೇನು ನೆಕ್ಕುವುದು, ಪ್ರಾಣ ಕಳೆದುಕೊಳ್ಳುವುದು, ಅದಕ್ಕೂ ಎದೆಗಾರಿಕೆ ಸಾಲದೆ ಸುಮ್ಮನೆ ನೇತಾಡುವುದು. ಆಮೇಲೆ ತನ್ನ ಹೊಲದ ರೈತರನ್ನು ನೋಡಿ, ಇವರು ಈ ನಾಲ್ಕರಲ್ಲಿ ಯಾವುದಕ್ಕೂ ಸೇರಿದವರಲ್ಲವಲ್ಲ ಎಂದು ಬೆರಗಾದ. ಆ ಬೆರಗು ನಮಗೆ ಮುಂದೆ ಬೇಕಾಗುತ್ತದೆ.

‘ಬದುಕಿನ ಅರ್ಥವೇನು’ ಎಂಬ ಮಾತೂ ಹೀಗೆ ಸುತ್ತಾಡಿ ಬಂದದ್ದೇ. ಯೂರೋಪಿನಲ್ಲೇ ಅದು ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ನಮ್ಮ ಹಿರಿಯರು ಕೇಳುತ್ತಿದ್ದುದು ಬೇರೆ ಬಗೆ: ಜನ್ಮ ಸಾರ್ಥಕವಾಯಿತೇ? ಮುಂದೆ ಗತಿ ಏನು? ಋಣ ತೀರಿತೇ? ಅರ್ಥ ಎಂಬ ಶಬ್ದವೂ ಕಿಲಾಡಿ. ಅದು ದುಡ್ಡೂ ಹೌದು, ಉದ್ದೇಶವೂ ಹೌದು, ಮಾತಿನ ತಿರುಳೂ ಹೌದು. ಸ್ವಾರ್ಥ, ಪರಮಾರ್ಥ, ವ್ಯರ್ಥ, ಕೃತಾರ್ಥ, ಪುರುಷಾರ್ಥ ಎಲ್ಲವೂ ಒಂದೇ ಮನೆಯ ಮಕ್ಕಳು. ‘ಬದುಕು’ ಎಂಬುದಂತೂ ಇನ್ನೂ ಸ್ವಾರಸ್ಯ. ಈ ಸೀಮೆಯ ಹಳ್ಳಿಗಳಲ್ಲಿ ಹೆಂಗಸರು ‘ಮನೆ ಬದುಕು ಮುಗಿಸಿ ಬತ್ತೀನಿ’ ಎಂದರೆ ಕಸ, ಮುಸುರೆ, ದನದ ಕೆಲಸ ಮುಗಿಸಿ ಬರುತ್ತೇನೆ ಎಂದು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಇಲ್ಲಿನವರಿಗೆ ಅತ್ತ ‘ಬತುಕು’, ಇತ್ತ ‘ಬದುಕು’. ಬೆಳಿಗ್ಗೆ ಎದ್ದು ಮಾಡಿ ಮುಗಿಸಬೇಕಾದ್ದಕ್ಕೇ ಆ ಹೆಸರಿದ್ದರೆ, ಅದರ ಅರ್ಥ ಕೇಳಿದವನನ್ನು ಜನ ವಿಚಿತ್ರವಾಗಿ ನೋಡುವುದು ಸಹಜ.

ಹನಿಯೇ ಸಾಕೆಂದವರು

ಇವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೇಳಲು ಅವರದೇ ಪುಸ್ತಕಗಳೂ ಉಳಿದಿಲ್ಲ. ಚಾರ್ವಾಕರ ಮಾತು ನಮಗೆ ತಲುಪಿದ್ದು ಬಹುತೇಕ ಅವರ ಎದುರಾಳಿಗಳ ಬಾಯಿಂದ. ಸಾಲ ಮಾಡಿ ತುಪ್ಪ ತಿನ್ನುವವರು ಎಂಬ ಗೇಲಿ ಮಾತ್ರ ಉಳಿಯಿತು. ಗೇಲಿಯನ್ನು ಬದಿಗಿಟ್ಟರೆ ಅವರ ವಾದದಲ್ಲಿ ಗಟ್ಟಿ ಕಾಳು ಒಂದಿದೆ: ಹಾವಿದೆ ಎಂಬ ಕಾರಣಕ್ಕೆ ಜೇನು ಕಹಿಯಾಗಬೇಕಿಲ್ಲ. ಮುಳ್ಳಿದೆ ಎಂದು ಮೀನು ತಿನ್ನುವುದನ್ನು ಯಾರು ಬಿಟ್ಟಾರು? ಆದರೆ ಟಾಲ್‌ಸ್ಟಾಯ್‌ಗೆ ಆದದ್ದು ಬೇರೆ. ಅವನು ಜೇನನ್ನು ತ್ಯಾಗ ಮಾಡಲಿಲ್ಲ, ನಾಲಿಗೆಗೆ ರುಚಿಯೇ ಹತ್ತಲಿಲ್ಲ. ರುಚಿಗೆಟ್ಟವನಿಗೆ ಚಾರ್ವಾಕರ ಬಳಿ ಮದ್ದಿಲ್ಲ.

ಬಿಡುಗಡೆಯ ದಾರಿ

ಗೀತೆಯ ಹದಿನೈದನೆಯ ಅಧ್ಯಾಯ ಸಂಸಾರವನ್ನು ಬೇರು ಮೇಲೆ, ಕೊಂಬೆ ಕೆಳಗಾದ ಅಶ್ವತ್ಥಕ್ಕೆ ಹೋಲಿಸಿ ಅಸಂಗವೆಂಬ ಕೊಡಲಿಯಿಂದ ಅದನ್ನು ಕಡಿ ಎನ್ನುತ್ತದೆ. ಬುದ್ಧನಿಗೆ ಅರಿವು ಮೂಡಿದ್ದು ಇದೇ ಜಾತಿಯ ಮರದಡಿ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಸಲ್ಲೇಖನದಿಂದ ದೇಹ ಬಿಟ್ಟವರ ಶಾಸನಗಳು ಸಾಲಾಗಿವೆ. ಬಳ್ಳಿಯನ್ನು ತಾವಾಗಿ, ಎಚ್ಚರದಿಂದ, ಮೆಲ್ಲಗೆ ಕೈಬಿಟ್ಟವರು ಅವರು. ಈ ಪಂಥಗಳ ನಡುವೆ ಆತ್ಮ ಇದೆಯೇ, ದೇವರಿದ್ದಾನೆಯೇ ಎಂಬ ಜಗಳ ಸಾವಿರ ವರ್ಷದ್ದು. ಬಾವಿಯ ವಿಷಯದಲ್ಲಿ ಮಾತ್ರ ಎಲ್ಲರೂ ಒಂದು: ಸಮಸ್ಯೆ ಹಾವಿನದಲ್ಲ, ಬಳ್ಳಿಯದು.

ಅಕ್ಕಮಹಾದೇವಿ ಇದಕ್ಕೆ ಹುಡುಕಿದ ಉಪಮೆ ರೇಷ್ಮೆಹುಳದ್ದು. ತನ್ನ ಒಳಗಿನ ನೂಲಿನಿಂದಲೇ ಮನೆ ಕಟ್ಟಿಕೊಂಡು ಅದರಲ್ಲೇ ಸಿಕ್ಕಿ ಸಾಯುವ ಹುಳು. ಶಿಡ್ಲಘಟ್ಟದ ಕಡೆ ಅದನ್ನು ಹತ್ತಿರದಿಂದ ನೋಡಿದ್ದೇನೆ. ಹುಳುಮನೆಯ ಬಾಗಿಲಲ್ಲಿ ನಿಂತರೆ ಸಾವಿರಾರು ಹುಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಜಡಿಮಳೆ ಬಿದ್ದಂತೆ ಕೇಳುತ್ತದೆ. ನಾಲ್ಕು ಸಲ ಅವು ಸೊಪ್ಪು ಬಿಟ್ಟು ತಲೆಯೆತ್ತಿ ನಿಶ್ಚಲವಾಗುತ್ತವೆ. ಪೊರೆ ಬಿಡುವ ಆ ಹೊತ್ತಿಗೆ ರೈತರು ‘ಜ್ವರ’ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಮೇಲೆ ಒಂದು ವಾರ ಹೊಟ್ಟೆಬಾಕತನ. ಆಮೇಲೆ ಮೈ ಹಳದಿಗೆ ತಿರುಗಿ ಪಾರದರ್ಶಕವಾಗುತ್ತದೆ. ‘ಹುಳ ಹಣ್ಣಾಯ್ತು’ ಎಂದು ಮನೆಮಂದಿಯೆಲ್ಲ ನಿದ್ದೆಗೆಟ್ಟು ಆರಿಸಿ ಚಂದ್ರಿಕೆಗೆ ಬಿಡುತ್ತಾರೆ. ಅದು ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತಾ, ಮೂರು ದಿನ ಬಿಡುವಿಲ್ಲದೆ, ನೂರಾರು ಮೀಟರ್ ನೂಲನ್ನು ತನ್ನ ಸುತ್ತ ಸುತ್ತಿಕೊಂಡು ಕಾಣದಾಗುತ್ತದೆ. ಮುಂದೆ ಗೂಡಿನ ಮಾರುಕಟ್ಟೆ, ಹರಾಜು, ರೀಲರನ ಕುದಿನೀರು. ಅಕ್ಕನಿಗೆ ಅದು ಮೋಹದ ಚಿತ್ರ. ಹುಳು ಸಾಕಿದವನಿಗೆ ಅದೇ ಗೂಡು ಮಗಳ ಮದುವೆ, ಕೊಳವೆಬಾವಿಯ ಸಾಲದ ಕಂತು. ಒಂದೇ ನೂಲು ಒಬ್ಬರಿಗೆ ಬಂಧನ, ಇನ್ನೊಬ್ಬರಿಗೆ ಬದುಕು. ಇದರಲ್ಲಿ ಯಾರು ತಪ್ಪು ನೋಡಿದರೆಂದು ಹೇಳಲು ನನ್ನಿಂದಾಗದು. ಹುಳುವನ್ನು ಕೇಳಿದವರಂತೂ ಇಲ್ಲ.

ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯ, ಅಂದರೆ ಯೋಗಿ ನಾರೇಯಣ ಯತೀಂದ್ರರು, ಬಳೆ ಮಾರುತ್ತಿದ್ದವರು. ತೆಲುಗು ಕನ್ನಡ ಎರಡರಲ್ಲೂ ಪದ ಕಟ್ಟಿದವರು. ಅವರ ಕಾಲಜ್ಞಾನವನ್ನು ಇಂದಿಗೂ ಜನ ಉಲ್ಲೇಖಿಸುತ್ತಾರೆ. ಗುರು ಅವರ ಬಾಯಿಗೆ ಒಂದು ಬೆಣಚುಕಲ್ಲು ಕೊಟ್ಟು, ಇದು ಕಲ್ಲುಸಕ್ಕರೆಯಾಗುವವರೆಗೆ ಜಪ ಮಾಡು ಎಂದರಂತೆ. ಒಂದು ದಿನ ಆಯಿತಂತೆ. ಐತಿಹ್ಯ ನಿಜವೋ ಸುಳ್ಳೋ ಬಿಡಿ, ವಿದುರನ ಕತೆಯ ಪಕ್ಕ ಇಟ್ಟು ನೋಡಬೇಕಾದ್ದು ಅದು. ಅಲ್ಲಿ ಸಿಹಿ ಹೊರಗಿನಿಂದ ತೊಟ್ಟಿಕ್ಕುತ್ತದೆ, ಎಂದೋ ನಿಲ್ಲುತ್ತದೆ. ಇಲ್ಲಿ ಸಿಹಿ ಬಾಯೊಳಗೇ ಹುಟ್ಟುತ್ತದೆ. ಬಿಡುಗಡೆಯ ಪಂಥದವರನ್ನು ಬದುಕು ಬೇಡವೆಂದವರು ಎಂದು ಹೀಗಳೆಯುವವರು ಈ ಬಳೆಗಾರನ ಸಕ್ಕರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕಲ್ಲು ನೆಡುವವರು

ವಿದುರಾಶ್ವತ್ಥಕ್ಕೆ ಹೋದವರ ಕಣ್ಣಿಗೆ ಮೊದಲು ಬೀಳುವುದು ನಾಗರಕಲ್ಲುಗಳು. ಒಂದೆರಡಲ್ಲ, ಸಾವಿರಾರು. ಹೆಡೆಯೆತ್ತಿದ ಒಂಟಿ ಹಾವು, ಹೆಣೆದುಕೊಂಡ ಜೋಡಿ ಹಾವು. ಒಂದರ ಹಿಂದೆ ಒಂದು ಸಾಲುಗಟ್ಟಿ ನಿಂತಿವೆ. ಹಳೆಯವು ಸವೆದು ನುಣ್ಣಗಾಗಿ ಹೆಡೆಯೋ ಹೂವೋ ಗೊತ್ತಾಗದಂತಿವೆ, ಹೊಸವಕ್ಕೆ ಉಳಿಯ ಏಟು ಇನ್ನೂ ಆರಿಲ್ಲ. ಮಕ್ಕಳಾಗಲೆಂದು, ಸರ್ಪದೋಷ ಕಳೆಯಲೆಂದು ಹರಕೆ ಹೊತ್ತವರು ತಂದು ನಿಲ್ಲಿಸಿದವು.

ಒಂದು ಬೆಳಿಗ್ಗೆ ಅಲ್ಲಿದ್ದಾಗ ಯುವ ದಂಪತಿ ಕಲ್ಲು ಪ್ರತಿಷ್ಠೆಗೆ ಬಂದಿದ್ದರು. ಕಲ್ಲುಗಳ ನಡುವೆ ಜಾಗ ಸಾಲದೆ ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು ಅಡ್ಡಡ್ಡ ಹೆಜ್ಜೆ ಇಡುತ್ತಿದ್ದಳು, ಬೆರಳೆಲ್ಲ ಅರಿಸಿನ. ಅರ್ಚಕರು ಗೋತ್ರ, ನಕ್ಷತ್ರ ಕೇಳುತ್ತಿದ್ದರು, ಗಂಡ ಉತ್ತರಿಸುತ್ತಿದ್ದ, ಅವಳನ್ನು ಯಾರೂ ಏನೂ ಕೇಳಲಿಲ್ಲ. ಜೊತೆಗೆ ಬಂದಿದ್ದ ಅತ್ತೆ ನನ್ನ ಕಡೆ ತಿರುಗಿ, ‘ನಮ್ದೇನೈತೆ ಸಾಮಿ, ಮುಂದಕ್ಕೊಂದು ಕುಡಿ ಬೇಕಲ್ಲ’ ಎಂದರು. ಬದುಕಿನ ಅರ್ಥದ ಬಗ್ಗೆ ಇದಕ್ಕಿಂತ ಚಿಕ್ಕದಾಗಿ ವಾದ ಮಂಡಿಸಿದವರನ್ನು ನಾನು ಕಂಡಿಲ್ಲ.

ಇದರ ಹಿಂದಿನ ಶಾಸ್ತ್ರ ವೇದದ್ದು. ಹುಟ್ಟುವಾಗಲೇ ಮನುಷ್ಯ ದೇವಋಣ, ಋಷಿಋಣ, ಪಿತೃಋಣ ಹೊತ್ತು ಬರುತ್ತಾನೆ. ಕೊನೆಯದು ತೀರುವುದು ಮಕ್ಕಳಿಂದ. ಕನ್ನಡದ ಆಡುಮಾತಿಗೆ ಇದು ಎಷ್ಟು ಇಳಿದಿದೆಯೆಂದರೆ ಅನ್ನದ ಋಣ, ನೀರಿನ ಋಣ, ಋಣಾನುಬಂಧ ಎಂದು ದಿನಕ್ಕೊಮ್ಮೆಯಾದರೂ ಆಡುತ್ತೇವೆ. ಸತ್ತವನಿಗೆ ‘ಭೂಮಿ ಋಣ ತೀರಿತು’ ಎನ್ನುತ್ತೇವೆ. ಟಾಲ್‌ಸ್ಟಾಯ್ ಬೆರಗಾದದ್ದು ಇಂಥ ಜನರನ್ನು ಕಂಡೇ. ಬದುಕು ತನ್ನಿಂದ ಶುರುವಾದದ್ದೂ ಅಲ್ಲ, ತನ್ನಲ್ಲಿ ಮುಗಿಯುವುದೂ ಅಲ್ಲ ಎಂದು ತಿಳಿದವನಿಗೆ ಇಲಿ ಕಡಿಯುವ ಬೇರಿನ ಭಯ ಅರ್ಧ ಕಡಿಮೆ. ಈ ಹಂಬಲಕ್ಕೆ ಮತವೂ ಅಡ್ಡಬರುವುದಿಲ್ಲ: ಚಿಂತಾಮಣಿಯ ಬಳಿ ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಹರಕೆ ಹೊತ್ತು ಹೋಗುವವರಲ್ಲಿ ಮುಸ್ಲಿಮರಷ್ಟೇ ಹಿಂದೂಗಳನ್ನೂ ಕಾಣಬಹುದು.

ಆದರೆ ಈ ದರ್ಶನದ ಬೆಲೆ ತೆತ್ತವರು ಯಾರು? ಕುಡಿಯೊಡೆಯದ ಮನೆಯಲ್ಲಿ ಬಂಜೆ ಎನಿಸಿಕೊಳ್ಳುವವಳು ಹೆಂಡತಿ. ಗಂಡನಿಗೆ ಹಾಗೆ ಕರೆಯಲು ಹಳ್ಳಿಯ ಮಾತಿನಲ್ಲಿ ನೆಟ್ಟಗೆ ಒಂದು ಶಬ್ದವೂ ಇಲ್ಲ. ಬದುಕಿನ ಸಾರ್ಥಕತೆಯನ್ನು ಹೆರಿಗೆಗೆ ಕಟ್ಟಿದ ಮೇಲೆ ಹೆರದವಳ ಬದುಕು ಏನಾಯಿತು ಎಂಬುದಕ್ಕೆ ಋಣಸಿದ್ಧಾಂತ ಉತ್ತರ ಕೊಟ್ಟಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದು, ಮದುವೆಯೇ ಆಗದೆ, ಸಾವಿರಾರು ವಿದ್ಯಾರ್ಥಿಗಳಿಗೆ ಮೇಷ್ಟರಾಗಿ ಉಳಿದವರೊಬ್ಬರ ಮಾತು ಮುಂದೆ ಬರುತ್ತದೆ. ಅವರ ಋಣ ತೀರಿತೋ ಇಲ್ಲವೋ?

ಕಾಯಕ

ವಚನಕಾರರು ಋಣವನ್ನೂ ಬಿಟ್ಟರು, ಕಾಡಿಗೆ ಹೋಗುವುದನ್ನೂ ಬಿಟ್ಟರು. ಕೈಲಾಸವನ್ನು ಕಾಯಕದೊಳಗೇ ಇಳಿಸಿದ ಮಾತು ಆಯ್ದಕ್ಕಿ ಮಾರಯ್ಯನದೆಂದು ಹೇಳುತ್ತಾರೆ. ಅವನು ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು, ಹೆಚ್ಚು ತಂದಾಗ ತಿದ್ದಿದವಳು ಹೆಂಡತಿ ಲಕ್ಕಮ್ಮ. ಕಾಯಕದ ಜೊತೆ ದಾಸೋಹ ಇದ್ದದ್ದು, ಅಂದರೆ ಗಳಿಸಿದ್ದು ಹಂಚಿಹೋಗಬೇಕೆಂದದ್ದು ಮುಖ್ಯ. ಇಪ್ಪತ್ತನೆಯ ಶತಮಾನ ಕಾಯಕವನ್ನು ಉಳಿಸಿಕೊಂಡು ದಾಸೋಹವನ್ನು ಕೈಬಿಟ್ಟಿತು. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ನೂರು ವರ್ಷ ದಾಟಿ 1962ರಲ್ಲಿ ತೀರಿಕೊಂಡ ವಿಶ್ವೇಶ್ವರಯ್ಯನವರು ದುಡಿಮೆಯ ಈ ಹೊಸ ಧರ್ಮದ ದೊಡ್ಡ ಮಾದರಿ. ಅವರ ಶಿಸ್ತಿನ ಮುಂದೆ ತಲೆಬಾಗುತ್ತೇನೆ. ಆದರೂ ದಿನಕ್ಕೆ ಹತ್ತು ಗಂಟೆ ಕುದಿನೀರಿನ ಮುಂದೆ ಕೂತು ಗೂಡಿನ ಎಳೆ ಹುಡುಕುವ, ಬೆರಳ ತುದಿ ಬೆಂದ ಕೂಲಿಯವಳಿಗೆ ಕೆಲಸವೇ ನಿನ್ನ ಬದುಕಿನ ಅರ್ಥ ಎಂದು ಹೇಳಲು ಬಾಯಿ ಬರುವುದಿಲ್ಲ. ಕೆಲಸ ಅರ್ಥ ಕೊಡುತ್ತದೆ ಎಂದವರು ಬಹುಮಟ್ಟಿಗೆ ಕೆಲಸ ಆರಿಸಿಕೊಂಡವರು.

ಏಪ್ರಿಲ್ 25, 1938

ನಾಗರಕಲ್ಲುಗಳಿಂದ ಕೂಗಳತೆಯಲ್ಲಿ ಆ ದಿನ ಸತ್ತವರ ಸ್ಮಾರಕ, ವೀರಸೌಧ. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಲು ನಿಷೇಧವಿದ್ದ ಕಾಲ. ಏಪ್ರಿಲ್ ಎರಡನೆಯ ವಾರ ಮದ್ದೂರಿನ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಮುಂದಾಳುತನದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ಅದರ ಬಿಸಿ ಇಲ್ಲಿಗೂ ಹಬ್ಬಿ, 25ರಂದು ವಿದುರಾಶ್ವತ್ಥದಲ್ಲಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು? ಸರ್ಕಾರ ಒಪ್ಪಿದ್ದು ಹತ್ತು. ಜನ ಎಣಿಸಿದ್ದು ಮೂವತ್ತಕ್ಕೂ ಮೇಲೆ. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂಬ ಹೆಸರು ಊರಿಗೆ ಅಂಟಿತು. ಸರ್ದಾರ್ ಪಟೇಲ್, ಆಚಾರ್ಯ ಕೃಪಲಾನಿ ಬಂದರು. ಮೇ ತಿಂಗಳಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಒಪ್ಪಂದವಾಗಿ ಧ್ವಜಕ್ಕೆ ಅನುಮತಿ ಸಿಕ್ಕಿತು.

ತನಗಿಂತ ದೊಡ್ಡದಕ್ಕೆ ತನ್ನನ್ನು ಕೊಟ್ಟುಕೊಂಡಾಗ ಬದುಕು ಸಾರ್ಥಕ ಎಂಬ ದರ್ಶನ ನಮ್ಮಲ್ಲಿ ಹಳೆಯದು. ಊರೂರ ವೀರಗಲ್ಲುಗಳು ಅದನ್ನೇ ಹೇಳುತ್ತವೆ: ದನ ಬಿಡಿಸಲು, ಹೆಣ್ಣಿನ ಮಾನ ಕಾಯಲು ಕಾದಿ ಸತ್ತವನು ಕೆಳಗೆ, ಅಪ್ಸರೆಯರು ಕರೆದೊಯ್ಯುವುದು ನಡುವೆ, ಕೈಲಾಸ ಮೇಲೆ. 1938 ಆ ಮೂರು ಅಂಕಣಗಳಲ್ಲಿ ಕೊನೆಯದನ್ನು ಬದಲಿಸಿತು. ಕೈಲಾಸದ ಜಾಗಕ್ಕೆ ನಾಡು ಬಂತು. ಬಾವಿಯ ಕತೆಗೆ ಈ ದರ್ಶನದ ಉತ್ತರ ಎದೆಗಾರಿಕೆಯದು: ಬಳ್ಳಿ ಹೇಗೂ ಹರಿಯುತ್ತದೆ, ಯಾವುದಕ್ಕಾಗಿ ಹರಿಯಬೇಕೆಂದು ನಾನು ತೀರ್ಮಾನಿಸುತ್ತೇನೆ.

ಇಲ್ಲೇ ಒಂದು ತೊಡಕು. ಅಂದು ಸೇರಿದವರೆಲ್ಲ ಪ್ರಾಣ ಕೊಡಲು ತೀರ್ಮಾನಿಸಿ ಬಂದವರಾಗಿರಲಾರರು. ಭಾಷಣ ಕೇಳಲು, ಏನು ನಡೆಯುತ್ತದೋ ನೋಡಲು, ಜೊತೆಗಾರ ಕರೆದನೆಂದು ಬಂದವರೂ ಸಾವಿರಾರು ಜನರ ಗುಂಪಿನಲ್ಲಿ ಇದ್ದೇ ಇರುತ್ತಾರೆ. ಗುಂಡಿಗೆ ಈ ವ್ಯತ್ಯಾಸ ಗೊತ್ತಿಲ್ಲ, ಸ್ಮಾರಕಕ್ಕೂ ಇಲ್ಲ. ಸುಮ್ಮನೆ ನೋಡಲು ಬಂದು ಸತ್ತವನ ಬದುಕಿಗೆ ಅರ್ಥ ಬಂದದ್ದು ಅವನು ಬದುಕಿದ ರೀತಿಯಿಂದಲೋ, ಸತ್ತ ಮೇಲೆ ನಾವು ಕಟ್ಟಿದ ಸೌಧದಿಂದಲೋ? ಶಿವರಾಮ ಕಾರಂತರ ‘ಅಳಿದ ಮೇಲೆ’ (1960) ಕೈಗೆತ್ತಿಕೊಂಡದ್ದು ಇದೇ ಒಗಟನ್ನು. ರೈಲಿನಲ್ಲಿ ಪರಿಚಯವಾದ ಯಶವಂತರಾಯ ಎಂಬಾತ ಒಂಟಿಯಾಗಿ ಮುಂಬಯಿಯಲ್ಲಿ ತೀರಿಕೊಂಡ ಮೇಲೆ, ಅವನು ಬಿಟ್ಟುಹೋದ ಕಾಗದ, ಚಿತ್ರ, ಹಣ, ಬಂಧುಗಳ ನೆನಪುಗಳನ್ನು ಜೋಡಿಸುತ್ತಾ ನಿರೂಪಕ ಆ ಬದುಕಿನ ಆಕಾರ ಹುಡುಕುತ್ತಾನೆ. ಒಬ್ಬೊಬ್ಬರ ಬಳಿ ಒಬ್ಬೊಬ್ಬ ಯಶವಂತರಾಯ ಸಿಗುತ್ತಾನೆ.

ಕೇಳುವವರು

ಗೌರಿಬಿದನೂರಿನ ಬಳಿ ಎರಡು ಕಿವಿಗಳಿವೆ. ಒಂದು 1965ರಲ್ಲಿ ಸ್ಥಾಪನೆಯಾದ, ಭಾಭಾ ಅಣು ಸಂಶೋಧನಾ ಕೇಂದ್ರದ ಕಂಪನ ಮಾಪಕಗಳ ಸಾಲು. ದೂರದೇಶದ ನೆಲದಡಿಯ ಅಣುಸ್ಫೋಟವನ್ನೂ ಅದು ಕೇಳಿಸಿಕೊಳ್ಳುತ್ತದೆ. ಇನ್ನೊಂದು 1976ರ ರೇಡಿಯೋ ದೂರದರ್ಶಕ. ಹೊಲದ ನಡುವೆ ಸಾವಿರ ತಂತಿ ಆಂಟೆನಾಗಳು ‘ಟಿ’ ಆಕಾರದಲ್ಲಿ ನಿಂತು ಸೂರ್ಯನ, ನಕ್ಷತ್ರಲೋಕದ ಸದ್ದು ಹಿಡಿಯುತ್ತವೆ. ಆ ಸದ್ದಿನಲ್ಲಿ ನಮ್ಮ ಹೆಸರು ಎಲ್ಲೂ ಇಲ್ಲ. ವಿಜ್ಞಾನದ ಪಂಥ ಹೊರಡುವುದು ಅಲ್ಲಿಂದ.

ಆ ಪಂಥದ ನಮ್ಮ ದೊಡ್ಡ ಮೇಷ್ಟರು ಹೊಸೂರಿನ ಎಚ್. ನರಸಿಂಹಯ್ಯ. 1920ರಲ್ಲಿ ಬಡ ಮನೆಯಲ್ಲಿ ಹುಟ್ಟಿ, ಓದುವ ಹಟಕ್ಕೆ ನಡೆದೇ ಬೆಂಗಳೂರು ತಲುಪಿದ ಹುಡುಗ ಮುಂದೆ ಭೌತಶಾಸ್ತ್ರಜ್ಞ, ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿ ನಾಡನ್ನೇ ಎದುರು ಹಾಕಿಕೊಂಡವರು. ಖಾದಿ, ಗಾಂಧಿ ಟೋಪಿ, ಹಾಸ್ಟೆಲಿನ ಒಂದು ಕೋಣೆ: 2005ರಲ್ಲಿ ತೀರಿಕೊಳ್ಳುವವರೆಗೂ ಇಷ್ಟೇ. ಪುನರ್ಜನ್ಮ, ಪುಣ್ಯ ಯಾವುದನ್ನೂ ನೆಚ್ಚದವರು ಸನ್ಯಾಸಿಗಿಂತ ಕಟ್ಟುನಿಟ್ಟಾಗಿ ಬದುಕಿದರು. ದೇವರಿಲ್ಲದಿದ್ದರೆ ಬದುಕು ದಿಕ್ಕೆಟ್ಟು ಹೋಗುತ್ತದೆ ಎಂಬ ವಾದಕ್ಕೆ ಆ ಕೋಣೆಯೇ ಉತ್ತರ. ಎ.ಎನ್. ಮೂರ್ತಿರಾಯರು ತೊಂಬತ್ತರ ಅಂಚಿನಲ್ಲಿ ಬರೆದ ‘ದೇವರು’ (1991) ಇದೇ ನಿಲುವನ್ನು ಜಗಳವಿಲ್ಲದ ದನಿಯಲ್ಲಿ ಹೇಳಿತು. ಕಾರಂತರು ‘ಬಾಳ್ವೆಯೇ ಬೆಳಕು’ ಎಂದು ಪುಸ್ತಕದ ಹೆಸರಿನಲ್ಲೇ ಹೇಳಿಬಿಟ್ಟಿದ್ದರು.

ಈ ಪಂಥ ಸುಳ್ಳನ್ನು ತೆಗೆಯುವುದರಲ್ಲಿ ಗಟ್ಟಿಗ. ಕಲ್ಲು ನೆಟ್ಟರೆ ಮಗುವಾಗುವುದಿಲ್ಲ ಎಂದು ಅದು ನೇರ ಹೇಳುತ್ತದೆ, ಅದು ನಿಜ ಕೂಡ. ಆದರೆ ಮಗುವಾಗದ ದುಃಖವನ್ನು ಹೊತ್ತು ಆ ಬೆಳಿಗ್ಗೆ ಅವಳು ಎಲ್ಲಿಗೆ ಹೋಗಬೇಕಿತ್ತು ಎಂಬುದಕ್ಕೆ ಅದರ ಬಳಿ ವಿಳಾಸವಿಲ್ಲ.

ತಾನೇ ಕಟ್ಟಿಕೊಳ್ಳುವುದು

ಕೋಲಾರ ಸೀಮೆಯ ಮುಳಬಾಗಿಲಿನ ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ ಬಂದದ್ದು 1943ರಲ್ಲಿ. ಅದರ ನಾಲ್ಕನೆಯ ಪದ್ಯವೇ ಜೀವನಕ್ಕೂ ಪ್ರಪಂಚಕ್ಕೂ ಅರ್ಥವೇನೆಂದು ನೇರ ಕೇಳುತ್ತದೆ. ಅದರ ಹಿಂದಿನ ವರ್ಷ, 1942ರಲ್ಲಿ, ಫ್ರಾನ್ಸಿನಲ್ಲಿ ಆಲ್ಬರ್ಟ್ ಕಮೂ ಬಂಡೆ ಉರುಳಿಸುವ ಸಿಸಿಫಸನ ಬಗ್ಗೆ ಬರೆದಿದ್ದ. ಇಬ್ಬರಿಗೂ ಒಬ್ಬರನ್ನೊಬ್ಬರು ಗೊತ್ತಿಲ್ಲ, ಸುತ್ತ ಮಹಾಯುದ್ಧ. ಕಗ್ಗವನ್ನು ಇಂದು ಗೋಡೆಗೆ ತೂಗುಹಾಕುವ ಬುದ್ಧಿಮಾತಿನ ಪುಸ್ತಕ ಮಾಡಿದ್ದೇವೆ. ಶುರುವಿನ ಪದ್ಯಗಳನ್ನು ಓದಿದವರಿಗೆ ಅದು ಕಂಗಾಲಾದವನ ಕಡತ ಎಂದು ತಿಳಿಯುತ್ತದೆ. ಸಮಾಧಾನ ಬರುವುದು ನಿಧಾನವಾಗಿ, ಅದೂ ಪೂರ್ತಿಯಾಗಿ ಅಲ್ಲ.

ಕಮೂ ಮತ್ತು ಸಾರ್ತ್ರರ ದಾರಿ ಕನ್ನಡಕ್ಕೆ ನವ್ಯರ ಮೂಲಕ ಬಂತು. ಅನಂತಮೂರ್ತಿಯವರ ‘ಸಂಸ್ಕಾರ’ದ (1965) ಪ್ರಾಣೇಶಾಚಾರ್ಯ ಹೆಣದ ಮುಂದೆ ಶಾಸ್ತ್ರ ತಿರುವಿ ಉತ್ತರ ಸಿಗದೆ ಜಾತ್ರೆಯ ಗುಂಪಿನಲ್ಲಿ ಕಳೆದುಹೋಗುತ್ತಾನೆ. ಚಿತ್ತಾಲರ ‘ಶಿಕಾರಿ’ಯ (1979) ನಾಗಪ್ಪ ಮುಂಬಯಿಯ ಕಂಪನಿಯೊಂದರಲ್ಲಿ ತಾನೇ ಬೇಟೆಯಾಗುತ್ತಾನೆ. ಅರ್ಥ ಮೊದಲೇ ಇಟ್ಟಿರುವುದಿಲ್ಲ, ಆಯ್ಕೆ ಮಾಡಿಯೇ ಕಟ್ಟಿಕೊಳ್ಳಬೇಕು ಎಂಬ ಈ ನಿಲುವು ಪಟ್ಟಣಕ್ಕೆ ಬಂದು ಜಾತಿ, ಮಠ, ಕೂಡುಕುಟುಂಬಗಳಿಂದ ಬೇರ್ಪಟ್ಟ ಒಂದು ತಲೆಮಾರಿಗೆ ಅದರದೇ ಒಂಟಿತನವನ್ನು ವಿವರಿಸಿ ಹೇಳಿತು. ನಾಜಿ ಶಿಬಿರದಿಂದ ಬದುಕಿ ಬಂದ ವೈದ್ಯ ವಿಕ್ಟರ್ ಫ್ರಾಂಕಲ್ 1946ರಲ್ಲಿ ಅದನ್ನು ತಿರುಗಿಸಿ, ಅರ್ಥ ಕೇಳುವವರು ನಾವಲ್ಲ, ಬದುಕೇ ನಮ್ಮನ್ನು ಕೇಳುತ್ತಿದೆ ಎಂದ. ಇವತ್ತಿನ ಆಪ್ತಸಲಹೆಗಾರರ ಮಾತಿನಲ್ಲಿ ಅವನ ನೆರಳಿದೆ.

ಬಳ್ಳಿ ಕಡಿದವರು ಯಾರು

ಇಷ್ಟೂ ದರ್ಶನಗಳಲ್ಲಿ ಇಲಿ ಎಂದರೆ ಹಗಲಿರುಳು. ಎಲ್ಲರ ಬೇರನ್ನೂ ಒಂದೇ ವೇಗದಲ್ಲಿ ಕಡಿಯುವ ಇಲಿ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಅವರ ಬಳ್ಳಿ ಕಡಿದದ್ದು ಕಾಲವಲ್ಲ. ದಲಿತ ಚಿಂತನೆ ಈ ಚರ್ಚೆಗೆ ತಂದ ತಕರಾರು ಇದು: ಬದುಕಲು ಬಿಟ್ಟಮೇಲೆ ತಾನೇ ಬದುಕಿನ ಅರ್ಥದ ಮಾತು?

ಕರ್ಮಸಿದ್ಧಾಂತ ಇಂಥ ಕಡೆ ಹಿಂದಿನ ಜನ್ಮದ ಲೆಕ್ಕ ತೆಗೆಯುತ್ತದೆ. ತಮಾಷೆಯೆಂದರೆ, ವಿದುರನ ಹುಟ್ಟೇ ಆ ಲೆಕ್ಕದ ಮೇಲಿನ ಸಿಟ್ಟಿನಿಂದ ಆದದ್ದು. ಮಾಡದ ಕಳ್ಳತನಕ್ಕೆ ಶೂಲಕ್ಕೇರಿದ ಮಾಂಡವ್ಯ ಯಮನ ಬಳಿ ಹೋಗಿ, ಇದು ಯಾವ ಪಾಪದ ಫಲ ಎಂದು ಕೇಳುತ್ತಾನೆ. ನೀನು ಬಾಲ್ಯದಲ್ಲಿ ಹುಳಕ್ಕೆ ಕಡ್ಡಿ ಚುಚ್ಚಿದ್ದೆ ಎನ್ನುತ್ತಾನೆ ಯಮ. ಮಗುವಿನ ತಪ್ಪಿಗೆ ಶೂಲವೇ ಎಂದು ಕೆರಳಿದ ಋಷಿ ಯಮನಿಗೇ ಶಾಪ ಕೊಡುತ್ತಾನೆ. ಯಮ ದಾಸಿಯ ಮಗನಾಗಿ, ವಿದುರನಾಗಿ ಹುಟ್ಟುತ್ತಾನೆ. ಲೆಕ್ಕ ತಪ್ಪಿದ ಲೆಕ್ಕಿಗನೇ ರಾಜ್ಯಕ್ಕೆ ಅರ್ಹತೆಯಿದ್ದೂ ಹುಟ್ಟಿನ ಕಾರಣಕ್ಕೆ ಹೊರಗುಳಿಯುತ್ತಾನೆ. ಕರ್ಮದ ನ್ಯಾಯವನ್ನು ಒಪ್ಪದವರಿಗೆ ಮಹಾಭಾರತದ ಒಳಗೇ ವಕೀಲರಿದ್ದಾರೆ.

ತೀರದೆ ಉಳಿದದ್ದು

ಈ ಪಂಥಗಳು ಒಂದೇ ಪ್ರಶ್ನೆಗೆ ಹತ್ತು ಉತ್ತರ ಕೊಟ್ಟವೆಂದು ನನಗೆ ಅನಿಸುವುದಿಲ್ಲ. ಕಲ್ಲು ನೆಟ್ಟವರು ಕೇಳಿದ್ದು ನನ್ನ ನಂತರ ಯಾರು ಎಂದು, ಧ್ವಜ ಹಿಡಿದವರು ಯಾವುದಕ್ಕಾಗಿ ಎಂದು, ಕೈವಾರದವರು ಬಿಡುಗಡೆ ಎಂದು, ಹೊಸೂರಿನವರು ನಿಜವೇ ಎಂದು, ಕಂಬಾಲಪಲ್ಲಿಯವರು ನ್ಯಾಯವೆಲ್ಲಿ ಎಂದು. ಇವೆಲ್ಲ ಒಂದರಲ್ಲಿ ಕರಗುತ್ತವೆಯೇ, ಅಥವಾ ಬೇರೆ ಬೇರೆಯಾಗಿಯೇ ಉಳಿಯುತ್ತವೆಯೇ ಎಂಬುದು ಇತ್ಯರ್ಥವಾಗಿಲ್ಲ. ಸತ್ತವನ ಬದುಕಿಗೆ ಉಳಿದವರು ಅರ್ಥ ಕೊಡಬಹುದೇ ಎಂಬುದೂ ಹಾಗೇ ಇದೆ. ಅರ್ಥ ಬೇಕೆಂಬ ಹಸಿವು ಮನುಷ್ಯನ ಹುಟ್ಟುಗುಣವೋ, ಹೊಟ್ಟೆ ತುಂಬಿದ ಮೇಲಿನ ಕಾಯಿಲೆಯೋ? ಟಾಲ್‌ಸ್ಟಾಯ್‌ನ ರೈತರನ್ನು ಎರಡೂ ಕಡೆಯವರು ಸಾಕ್ಷಿಗೆ ಕರೆಯುತ್ತಾರೆ.

ವಿದುರ ನೆಟ್ಟನೆನ್ನುವ ಮರ 2001ರಲ್ಲಿ ಉರುಳಿತು. ಕಲ್ಲುಗಳು ಬರುವುದು ನಿಂತಿಲ್ಲ. ವಿದುರನ ಕೊನೆಯೂ ಮರದ ಬಳಿಯೇ ಆದದ್ದು: ಕಾಡಿನಲ್ಲಿ, ಎಲುಬು ಗೂಡಾಗಿ, ಮರಕ್ಕೆ ಒರಗಿ ನಿಂತಿದ್ದವನು ಹುಡುಕಿ ಬಂದ ಯುಧಿಷ್ಠಿರನನ್ನು ದಿಟ್ಟಿಸಿ ನೋಡುತ್ತಾ ಪ್ರಾಣ ಬಿಟ್ಟ.

ಬಾವಿಯ ಕತೆಯಲ್ಲಿ ಒಂದು ಸಂಗತಿ ಹೇಳುವುದು ಉಳಿದಿದೆ. ಮಧುಬಿಂದುವಿನ ಚಿತ್ರಗಳಲ್ಲಾಗಲಿ ಟಾಲ್‌ಸ್ಟಾಯ್‌ನಲ್ಲಾಗಲಿ ಬಾವಿಯಲ್ಲಿರುವವನು ಒಬ್ಬನೇ, ಕತೆ ಕೇಳಿದವರೂ ತಕ್ಷಣ ಅವನು ನಾನೇ ಎಂದುಕೊಳ್ಳುತ್ತಾರೆ. ಸ್ತ್ರೀಪರ್ವದ ಕುರುಡು ಮುದುಕ ಹಾಗೆ ಅಂದುಕೊಳ್ಳಲಿಲ್ಲ. ಮಕ್ಕಳೆಲ್ಲ ಸತ್ತು ಕೂತವನು, ಅಯ್ಯೋ, ಅವನಿಗೆ ಎಂಥ ಕಷ್ಟ ಎಂದು ಮರುಗಿದ. ಆ ಜಾಗ ಎಲ್ಲಿದೆ, ವಿದುರ? ಅವನನ್ನು ಹೊರಗೆ ತರುವುದು ಹೇಗೆ? ಏನಾದರೂ ಮಾಡೋಣ ಎಂದ. ಇದು ರೂಪಕವೆಂದು ತಿಳಿಯದ ಮಂಕುತನ ಎಂದು ನಗುವವರಿದ್ದಾರೆ. ಅವನ ಮಾತಿಗೆ ವಿದುರ ಕೊಟ್ಟದ್ದು ಆನೆ, ಇಲಿ, ಹಾವುಗಳ ಅರ್ಥವಿವರಣೆ.